‘ಬಂದಿಲ್ಲ’ವೋ ‘ಬರಲಿಲ್ಲ’ವೋ: ಇಂಗ್ಲಿಷಿನ ಪರ್ಫೆಕ್ಟ್ ಟೆನ್ಸ್ ಆರಿಸಿಕೊಳ್ಳುವ ಬಗೆ

ಆಫೀಸಿನ ಮೇಲ್ ಬರೆಯುತ್ತಾ ‘ಐ ಸೆಂಟ್’ ಅನ್ನಬೇಕೋ, ‘ಐ ಹ್ಯಾವ್ ಸೆಂಟ್’ ಅನ್ನಬೇಕೋ, ‘ಐ ಹ್ಯಾಡ್ ಸೆಂಟ್’ ಅನ್ನಬೇಕೋ ಎಂದು ಕೀಬೋರ್ಡಿನ ಮೇಲೆ ಕೈ ನಿಲ್ಲಿಸದ ಕನ್ನಡಿಗರು ಕಡಿಮೆ. ಮೂರರಲ್ಲಿ ಯಾವುದನ್ನು ಬರೆದರೂ ಓದುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ, ನಿಜ. ಆದರೆ ಕೆಲಸದ ಸಂದರ್ಶನದಲ್ಲಿ, ಐಇಎಲ್‌ಟಿಎಸ್‌ನಂಥ ಪರೀಕ್ಷೆಯಲ್ಲಿ, ಹೊರದೇಶದ ಗ್ರಾಹಕರಿಗೆ ಬರೆಯುವ ಕಾಗದದಲ್ಲಿ ನಮ್ಮ ಇಂಗ್ಲಿಷ್ ಎಷ್ಟು ಗಟ್ಟಿ ಎಂಬುದು ಇಂಥ ಕಡೆಯೇ ಗೊತ್ತಾಗುವುದು.

ಶಾಲೆಯಲ್ಲಿ ಹನ್ನೆರಡು ಟೆನ್ಸ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇವೆ. ‘ಹ್ಯಾವ್’ ಅಥವಾ ‘ಹ್ಯಾಸ್’ ಜೊತೆ ವಿ-3, ಅಂದರೆ ಕ್ರಿಯಾಪದದ ಮೂರನೆಯ ರೂಪ, ಸೇರಿದರೆ ಪ್ರೆಸೆಂಟ್ ಪರ್ಫೆಕ್ಟ್, ‘ಹ್ಯಾಡ್’ ಜೊತೆ ಸೇರಿದರೆ ಪಾಸ್ಟ್ ಪರ್ಫೆಕ್ಟ್, ‘ವಿಲ್ ಹ್ಯಾವ್’ ಜೊತೆ ಸೇರಿದರೆ ಫ್ಯೂಚರ್ ಪರ್ಫೆಕ್ಟ್. ಈ ಸೂತ್ರ ವಾಕ್ಯ ಕಟ್ಟುವುದನ್ನು ಕಲಿಸುತ್ತದೆ. ಯಾವಾಗ ಯಾವುದನ್ನು ಎತ್ತಿಕೊಳ್ಳಬೇಕು ಎಂದು ಹೇಳುವುದಿಲ್ಲ. ಈ ಬರಹ ಆ ಎರಡನೆಯ ಕೆಲಸಕ್ಕೆ.

ಕನ್ನಡಿಗರಿಗೆ ಇಲ್ಲಿ ತೊಡಕಾಗುವುದಕ್ಕೆ ಒಂದು ವಿಶೇಷ ಕಾರಣವಿದೆ. ನಮ್ಮಲ್ಲೂ ಇವೇ ರೂಪಗಳಿವೆ: ಬಂದೆ, ಬಂದಿದ್ದೇನೆ, ಬಂದಿದ್ದೆ, ಬಂದಿರುತ್ತೇನೆ. ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಜೋಡಿ ಸಿಕ್ಕಿಬಿಟ್ಟಂತೆ ಕಾಣುತ್ತದೆ. ಕಟ್ಟಡ ನೋಡಿದರೆ ಅವು ಜೋಡಿಗಳೇ. ಬಳಕೆಗೆ ಬಂದಾಗ ಬೇರೆ ಬೇರೆ ದಾರಿ ಹಿಡಿಯುತ್ತವೆ. ನಾವು ‘ಬಸ್ ಬಂತಾ?’ ಎಂದು ಕೇಳುವಲ್ಲಿ ಇಂಗ್ಲಿಷಿಗೆ ‘ಹ್ಯಾಸ್ ದ ಬಸ್ ಕಮ್?’ ಬೇಕು. ನಾವು ‘ನಿನ್ನೆ ಊರಿಗೆ ಹೋಗಿದ್ದೆ’ ಅನ್ನುವಲ್ಲಿ ಇಂಗ್ಲಿಷಿಗೆ ‘ಐ ವೆಂಟ್’ ಸಾಕು. ‘ದುಡ್ಡು ನಿನ್ನೆಯೇ ಕೊಟ್ಟಿದ್ದೀನಿ’ ಎಂಬುದಕ್ಕೂ ‘ಐ ಗೇವ್’. ಹಾಗಾಗಿ ಕನ್ನಡದ ಕ್ರಿಯಾಪದದ ಬಾಲ ನೋಡಿ ಇಂಗ್ಲಿಷ್ ರೂಪ ಆರಿಸಿದರೆ ಅರ್ಧಕ್ಕರ್ಧ ತಪ್ಪುತ್ತದೆ.

ಮೊದಲ ಆಯ್ಕೆ: ‘ಡಿಡ್’ ಅಥವಾ ‘ಹ್ಯಾವ್ ಡನ್’

ಇಂಗ್ಲಿಷಿನ ಸಿಂಪಲ್ ಪಾಸ್ಟ್ ಮುಗಿದುಹೋದ ಸಮಯಕ್ಕೆ ಸೇರಿದ್ದು. ಪ್ರೆಸೆಂಟ್ ಪರ್ಫೆಕ್ಟ್ ಹಿಂದೆ ನಡೆದದ್ದನ್ನು ಈ ಹೊತ್ತಿಗೆ ತಂದು ಸೇರಿಸುತ್ತದೆ. ಅದರ ಫಲ ಈಗ ಕಣ್ಣಮುಂದಿರಬಹುದು, ಅದು ನಮ್ಮ ಅನುಭವದ ಲೆಕ್ಕದಲ್ಲಿರಬಹುದು, ಅಥವಾ ಆ ಸಮಯವೇ ಇನ್ನೂ ಮುಗಿದಿರದೆ ಇರಬಹುದು. ಇಷ್ಟು ವಿವರಣೆ ಯಾವ ವ್ಯಾಕರಣ ಪುಸ್ತಕದಲ್ಲೂ ಸಿಗುತ್ತದೆ. ಬರೆಯಲು ಕುಳಿತಾಗ ಇದು ನೆನಪಿಗೆ ಬರುವುದಿಲ್ಲ ಎಂಬುದೇ ತೊಂದರೆ.

ಕನ್ನಡಿಗರ ಕಿವಿಯಲ್ಲೇ ಇದಕ್ಕೊಂದು ಒಳ್ಳೆಯ ಪರೀಕ್ಷೆ ಇದೆ. ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಮಾಡಿ ನೋಡಿ. ಹೌದು ಅನ್ನುವಾಗ ಬಂದೆ, ಬಂದಿದ್ದೇನೆ, ಬಂದಿದ್ದೆ ಎಲ್ಲವನ್ನೂ ಸಡಿಲವಾಗಿ ಬಳಸುವ ನಾವು ಇಲ್ಲ ಅನ್ನುವಾಗ ಬಿಗಿಯಾಗುತ್ತೇವೆ. ‘ಬಂದಿಲ್ಲ’ ಬೇರೆ, ‘ಬರಲಿಲ್ಲ’ ಬೇರೆ. ‘ಪಾರ್ಸೆಲ್ ಬಂದಿಲ್ಲ’ ಅಂದರೆ ಇನ್ನೂ ಕಾಯುತ್ತಿದ್ದೇವೆ. ‘ಪಾರ್ಸೆಲ್ ಬರಲಿಲ್ಲ’ ಅಂದರೆ ಬರಬೇಕಾಗಿದ್ದ ಹೊತ್ತು ಕಳೆದುಹೋಯಿತು. ಮೊದಲನೆಯದು ‘ಹ್ಯಾಸ್ ನಾಟ್ ಕಮ್’, ಎರಡನೆಯದು ‘ಡಿಡ್ ನಾಟ್ ಕಮ್’. ಪ್ರೆಸೆಂಟ್ ಪರ್ಫೆಕ್ಟಿಗೂ ಸಿಂಪಲ್ ಪಾಸ್ಟಿಗೂ ಇರುವ ಗೆರೆ ಹೆಚ್ಚುಕಡಿಮೆ ಇದೇ.

ಒಂದೆರಡು ವಾಕ್ಯಗಳ ಮೇಲೆ ಓಡಿಸಿ ನೋಡೋಣ. ‘ಊಟ ಆಯ್ತಾ?’ ಎಂದು ಕೇಳಿದರೆ ‘ಇನ್ನೂ ಆಗಿಲ್ಲ’ ಅನ್ನುತ್ತೇವೆ, ‘ಆಗಲಿಲ್ಲ’ ಅನ್ನುವುದಿಲ್ಲ. ಆದ್ದರಿಂದ ‘ಹ್ಯಾವ್ ಯು ಹ್ಯಾಡ್ ಲಂಚ್?’. ‘ನೀವು ತಾಜ್ ಮಹಲ್ ನೋಡಿದ್ದೀರಾ?’ ಎಂದರೆ ‘ನೋಡಿಲ್ಲ’. ಆದ್ದರಿಂದ ‘ಹ್ಯಾವ್ ಯು ಸೀನ್’. ಇನ್ನು ‘ನಿನ್ನೆಯೇ ಕೊಟ್ಟಿದ್ದೀನಿ’ ಎಂಬ ವಾಕ್ಯದ ಕ್ರಿಯಾಪದ ಪ್ರೆಸೆಂಟ್ ಪರ್ಫೆಕ್ಟಿನಂತೆಯೇ ಕಾಣುತ್ತದೆ. ಅದನ್ನು ತಿರುಗಿಸಿದರೆ ‘ನಿನ್ನೆ ಕೊಡಲಿಲ್ಲ’ ಆಗುತ್ತದೆ. ಅಲ್ಲಿಗೆ ‘ಐ ಗೇವ್ ಇಟ್ ಯೆಸ್ಟರ್‌ಡೇ’. ಕೆಲವರ ಬಾಯಲ್ಲಿ ‘ನಿನ್ನೆ ಅವನು ಬಂದಿಲ್ಲ’ ಅಂತಲೂ ಬರುತ್ತದೆ. ನಿಮ್ಮ ಮಾತು ಹಾಗಿದ್ದರೆ ಈ ಪರೀಕ್ಷೆಯ ಜೊತೆ ಕಾಲ ಹೇಳುವ ಪದವನ್ನೂ ನೋಡಿ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019, ವೆನ್ ಐ ವಾಸ್ ಇನ್ ಕಾಲೇಜ್ ಇಂಥ ಯಾವುದಾದರೂ ವಾಕ್ಯದಲ್ಲಿದ್ದರೆ ‘ಹ್ಯಾವ್’ಗೆ ಅಲ್ಲಿ ಜಾಗವಿಲ್ಲ. ಪ್ರಶ್ನೆಯಲ್ಲೂ ಅಷ್ಟೇ. ‘ಯಾವಾಗ ಬಂದಿದ್ದೀರಿ?’ ಎಂದು ನಾವು ಪ್ರೀತಿಯಿಂದ ಕೇಳಬಹುದು, ಇಂಗ್ಲಿಷಿನಲ್ಲಿ ‘ವೆನ್ ಹ್ಯಾವ್ ಯು ಕಮ್?’ ನಡೆಯದು. ‘ವೆನ್ ಡಿಡ್ ಯು ಕಮ್?’ ಅಂತಲೇ ಆಗಬೇಕು.

‘ದಿಸ್ ಮಾರ್ನಿಂಗ್’, ‘ಟುಡೇ’, ‘ದಿಸ್ ವೀಕ್’ ಎರಡೂ ಕಡೆ ನಿಲ್ಲುವ ಪದಗಳು. ಬೆಳಿಗ್ಗೆ ಹತ್ತಕ್ಕೆ ‘ಐ ಹ್ಯಾವ್ ಹ್ಯಾಡ್ ಟೂ ಕಾಲ್ಸ್ ದಿಸ್ ಮಾರ್ನಿಂಗ್’ ಅನ್ನಬಹುದು, ಬೆಳಗು ಇನ್ನೂ ಇದೆ. ಸಂಜೆ ನಾಲ್ಕಕ್ಕೆ ಅದೇ ಮಾತು ‘ಐ ಹ್ಯಾಡ್ ಟೂ ಕಾಲ್ಸ್ ದಿಸ್ ಮಾರ್ನಿಂಗ್’ ಆಗುತ್ತದೆ.

ಮನುಷ್ಯರ ವಿಷಯದಲ್ಲೂ ಈ ತೆರೆದ ಕಾಲ, ಮುಚ್ಚಿದ ಕಾಲದ ಲೆಕ್ಕ ಬರುತ್ತದೆ. ‘ಕನ್ನಡ ರೈಟರ್ಸ್ ಹ್ಯಾವ್ ವನ್ ಎಯ್ಟ್ ಜ್ಞಾನಪೀಠ್ ಅವಾರ್ಡ್ಸ್’ ಸರಿ. ಕನ್ನಡದ ಲೇಖಕರ ಸಾಲು ಮುಂದುವರಿಯುತ್ತಿದೆ, ಇನ್ನೊಂದು ಬರಬಹುದು. ಆದರೆ ‘ಕುವೆಂಪು ಹ್ಯಾಸ್ ವನ್ ದ ಜ್ಞಾನಪೀಠ್’ ಅನ್ನುವಂತಿಲ್ಲ. ಕುವೆಂಪು 1994ರಲ್ಲಿ ತೀರಿಕೊಂಡರು, ಅವರ ಬದುಕಿನ ಲೆಕ್ಕ ಮುಗಿದಿದೆ. ‘ಕುವೆಂಪು ವನ್ ದ ಜ್ಞಾನಪೀಠ್ ಅವಾರ್ಡ್ ಫಾರ್ 1967’ ಎಂದೇ ಬರೆಯಬೇಕು. ಪ್ರಬಂಧ ಬರೆಯುವ ಕಾಲೇಜು ಮಕ್ಕಳು ಇಲ್ಲಿ ಬಹಳ ಎಡವುತ್ತಾರೆ.

ಸಂದರ್ಶನಕ್ಕೆ ಹೋಗುವವರು ಒಂದು ಕ್ರಮ ರೂಢಿಸಿಕೊಳ್ಳುವುದು ಒಳ್ಳೆಯದು. ಅನುಭವವನ್ನು ‘ಹ್ಯಾವ್’ನಿಂದ ತೆರೆಯಿರಿ, ವಿವರಕ್ಕೆ ಇಳಿದ ಕೂಡಲೇ ಸಿಂಪಲ್ ಪಾಸ್ಟಿಗೆ ಬನ್ನಿ: ‘ಐ ಹ್ಯಾವ್ ವರ್ಕ್ಡ್ ಇನ್ ತ್ರೀ ಕಂಪನೀಸ್. ಇನ್ ದ ಫಸ್ಟ್ ಒನ್ ಐ ಹ್ಯಾಂಡಲ್ಡ್ ಪೇರೋಲ್.’ ಇಂಗ್ಲಿಷ್ ಪತ್ರಿಕೆಗಳ ಸುದ್ದಿಗಳೂ ಹೀಗೆಯೇ ಸಾಗುತ್ತವೆ. ‘ದ ಮಾನ್ಸೂನ್ ಹ್ಯಾಸ್ ರೀಚ್ಡ್ ಕೇರಳ’ ಎಂದು ಸುದ್ದಿ ತೆರೆದು, ‘ಇಟ್ ಅರೈವ್ಡ್ ಆನ್ ಸ್ಯಾಟರ್‌ಡೇ’ ಎಂದು ವಿವರಕ್ಕೆ ಹೋಗುತ್ತವೆ.

ಹೋಗಿದ್ದಾನೆ, ಹೋಗಿ ಬಂದಿದ್ದಾನೆ

‘ಗಾನ್’ ಮತ್ತು ‘ಬೀನ್’ ನಡುವಿನ ಗೊಂದಲಕ್ಕೆ ಕನ್ನಡವೇ ಪೂರಾ ಉತ್ತರ ಕೊಡುತ್ತದೆ. ‘ಅವನು ಧಾರವಾಡಕ್ಕೆ ಹೋಗಿದ್ದಾನೆ’ ಅಂದರೆ ಈಗ ಇಲ್ಲಿಲ್ಲ: ‘ಹೀ ಹ್ಯಾಸ್ ಗಾನ್ ಟು ಧಾರವಾಡ’. ‘ಧಾರವಾಡಕ್ಕೆ ಹೋಗಿ ಬಂದಿದ್ದಾನೆ’ ಅಂದರೆ ಊರು ಕಂಡಿದ್ದಾನೆ, ವಾಪಸ್ಸೂ ಬಂದಿದ್ದಾನೆ: ‘ಹೀ ಹ್ಯಾಸ್ ಬೀನ್ ಟು ಧಾರವಾಡ’. ನೀವೇ ಎದುರಿಗೆ ಕುಳಿತು ‘ಐ ಹ್ಯಾವ್ ಗಾನ್ ಟು ದುಬೈ’ ಅಂದರೆ ಕೇಳುವವರಿಗೆ ವಿಚಿತ್ರವೆನಿಸುವುದು ಇದಕ್ಕೇ.

ಎರಡನೆಯ ಆಯ್ಕೆ: ‘ಇಂದ’ ಬಂದ ಕಡೆಯೆಲ್ಲ

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್.’ ಈ ವಾಕ್ಯವನ್ನು ಬೆಂಗಳೂರಿನ ಯಾವ ಆಫೀಸಿನಲ್ಲಾದರೂ ಕೇಳಬಹುದು. ಇದರಲ್ಲಿ ಎರಡು ತಪ್ಪುಗಳಿವೆ, ಎರಡೂ ಕನ್ನಡದಿಂದ ಬಂದವು.

ನಾವು ‘ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೀನಿ’ ಅನ್ನುತ್ತೇವೆ. ಕ್ರಿಯಾಪದ ವರ್ತಮಾನದ್ದು, ಆದ್ದರಿಂದ ‘ಆಮ್ ವರ್ಕಿಂಗ್’ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಹಿಂದೆ ಶುರುವಾಗಿ ಈಗಲೂ ಸಾಗಿರುವ ಕೆಲಸದ ಅವಧಿ ಹೇಳಬೇಕಾದರೆ ಪರ್ಫೆಕ್ಟ್ ಬೇಕೇ ಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್’. ಅವಧಿ ಹೇಳದಿದ್ದರೆ ‘ಐ ಆಮ್ ವರ್ಕಿಂಗ್ ಹಿಯರ್’ ಸರಿಯೇ.

ಎರಡನೆಯದು ‘ಸಿನ್ಸ್’. ‘2015ರಿಂದ’ ಎಂಬಲ್ಲೂ ‘ಇಂದ’, ‘ಹತ್ತು ವರ್ಷದಿಂದ’ ಎಂಬಲ್ಲೂ ‘ಇಂದ’. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತದೆ. ಶುರುವಾದ ಗಳಿಗೆ ಹೇಳಿದರೆ ‘ಸಿನ್ಸ್’: ಸಿನ್ಸ್ 2015, ಸಿನ್ಸ್ ಮಂಡೇ, ಸಿನ್ಸ್ ಮೈ ಮ್ಯಾರೇಜ್. ಎಷ್ಟು ಕಾಲ ಎಂದು ಎಣಿಸಿದರೆ ‘ಫಾರ್’: ಫಾರ್ ಟೆನ್ ಇಯರ್ಸ್, ಫಾರ್ ಎ ಲಾಂಗ್ ಟೈಮ್. ‘ಇಂದ’ದ ಹಿಂದಿರುವುದನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದೇ ಎಂದು ಕೇಳಿಕೊಳ್ಳಿ. ತೋರಿಸಬಹುದಾದರೆ ಸಿನ್ಸ್, ಇಲ್ಲದಿದ್ದರೆ ಫಾರ್.

ಇದರ ಜೊತೆಗೇ ಇನ್ನೊಂದು ಸಣ್ಣ ಆಯ್ಕೆ ಬರುತ್ತದೆ: ‘ಹ್ಯಾವ್ ಡನ್’ ಸಾಕೇ, ‘ಹ್ಯಾವ್ ಬೀನ್ ಡೂಯಿಂಗ್’ ಬೇಕೇ? ಎಷ್ಟು ಆಯಿತು ಎನ್ನುವುದು ಮುಖ್ಯವಾದರೆ ಮೊದಲನೆಯದು, ಎಷ್ಟು ಹೊತ್ತಿನಿಂದ ಎನ್ನುವುದು ಮುಖ್ಯವಾದರೆ ಎರಡನೆಯದು. ‘ಐ ಹ್ಯಾವ್ ಕರೆಕ್ಟೆಡ್ ಫಾರ್ಟಿ ಪೇಪರ್ಸ್’ ಎಂದರೆ ನಲವತ್ತು ಮುಗಿದಿವೆ. ‘ಐ ಹ್ಯಾವ್ ಬೀನ್ ಕರೆಕ್ಟಿಂಗ್ ಪೇಪರ್ಸ್ ಸಿನ್ಸ್ ಮಾರ್ನಿಂಗ್’ ಎಂದರೆ ಬೆಳಗಿನಿಂದ ಕುಳಿತಿದ್ದೇನೆ, ಮುಗಿದಿದೆಯೋ ಇಲ್ಲವೋ ಹೇಳುತ್ತಿಲ್ಲ. ‘ಲಿವ್’, ‘ವರ್ಕ್’, ‘ಟೀಚ್’ ಇಂಥ ಕ್ರಿಯಾಪದಗಳಲ್ಲಿ ಎರಡರಲ್ಲಿ ಯಾವುದನ್ನು ಬಳಸಿದರೂ ಅರ್ಥ ಅಷ್ಟೇನೂ ಬದಲಾಗದು. ಆದರೆ ‘ನೋ’, ‘ಬಿಲೀವ್’, ‘ಓನ್’, ‘ಬಿಲಾಂಗ್’ ಇವುಗಳಿಗೆ ‘ಇಂಗ್’ ಹಚ್ಚಬೇಡಿ. ‘ಅವರು ನನಗೆ ಚಿಕ್ಕಂದಿನಿಂದ ಗೊತ್ತು’ ಎಂಬುದು ‘ಐ ಹ್ಯಾವ್ ನೋನ್ ಹಿಮ್ ಸಿನ್ಸ್ ಚೈಲ್ಡ್‌ಹುಡ್’. ‘ಐ ಆಮ್ ನೋಯಿಂಗ್ ಹಿಮ್’ ಎಂಬ ಮಾತು ನಮ್ಮಲ್ಲಿ ತುಂಬ ಓಡಾಡುತ್ತದೆ, ಬಿಟ್ಟುಬಿಡುವುದೇ ಒಳ್ಳೆಯದು.

ಮೂರನೆಯ ಆಯ್ಕೆ: ‘ಹ್ಯಾಡ್’ ಎಲ್ಲಿ ಬೇಕು, ಎಲ್ಲಿ ಬೇಡ

ನನ್ನ ಅಭಿಪ್ರಾಯದಲ್ಲಿ ಕನ್ನಡಿಗರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ದುಂದಾಗುವುದು ‘ಹ್ಯಾಡ್’. ‘ಐ ಹ್ಯಾಡ್ ಗಾನ್ ಟು ಮೈ ನೇಟಿವ್ ಲಾಸ್ಟ್ ವೀಕ್’, ‘ಐ ಹ್ಯಾಡ್ ಕಾಲ್ಡ್ ಯು ಯೆಸ್ಟರ್‌ಡೇ’, ‘ಐ ಹ್ಯಾಡ್ ಮೇಲ್ಡ್ ಯು’ ದಿನವೂ ಕಿವಿಗೆ ಬೀಳುತ್ತವೆ. ಇವೆಲ್ಲ ‘ಹೋಗಿದ್ದೆ’, ‘ಫೋನ್ ಮಾಡಿದ್ದೆ’, ‘ಮೇಲ್ ಮಾಡಿದ್ದೆ’ ಎಂಬುದರ ನೆರಳು. ಕನ್ನಡದಲ್ಲಿ ‘ಹೋಗಿದ್ದೆ’ ಅಂದರೆ ಹೋಗಿ ಬಂದೆ, ಆ ಕೆಲಸ ಅಲ್ಲಿಗೆ ಮುಗಿಯಿತು ಎಂಬ ಭಾವ ಇದೆ. ‘ಹೋದೆ’ ಅಂದರೆ ಕಥೆ ಮುಂದುವರಿಯಬೇಕು: ಹೋದೆ, ನೋಡಿದೆ, ಮಾತಾಡಿದೆ. ಎಷ್ಟು ನವಿರಾದ ವ್ಯತ್ಯಾಸ! ಆದರೆ ಇಂಗ್ಲಿಷಿನ ‘ಹ್ಯಾಡ್’ಗೆ ಈ ಕೆಲಸ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಹಿಂದಿನ ಇನ್ನೊಂದು ಘಟನೆಗಿಂತಲೂ ಹಿಂದೆ.

ಆ ಇನ್ನೊಂದು ಘಟನೆ ಮಾತಿನಲ್ಲಿ ಎಲ್ಲಾದರೂ ಇರಲೇಬೇಕು. ಇದಕ್ಕೆ ಪರೀಕ್ಷೆ: ವಾಕ್ಯದಲ್ಲಿ ‘ಅಷ್ಟೊತ್ತಿಗಾಗಲೇ’ ಸೇರಿಸಿ ನೋಡಿ. ‘ನಾನು ಸ್ಟೇಷನ್ ತಲುಪಿದಾಗ ಅಷ್ಟೊತ್ತಿಗಾಗಲೇ ರೈಲು ಹೊರಟಿತ್ತು’ ಸಲೀಸಾಗಿ ಕೂರುತ್ತದೆ. ಆದ್ದರಿಂದ ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’. ‘ಕಳೆದ ವಾರ ಅಷ್ಟೊತ್ತಿಗಾಗಲೇ ಊರಿಗೆ ಹೋಗಿದ್ದೆ’ ಅಂದರೆ ಯಾವ ಹೊತ್ತಿಗೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಇಲ್ಲದಿದ್ದರೆ ‘ಐ ವೆಂಟ್’.

ರೈಲಿನ ವಾಕ್ಯದಲ್ಲಿ ‘ಹ್ಯಾಡ್’ ತೆಗೆದು ನೋಡಿ: ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಲೆಫ್ಟ್’. ಈಗ ನೀವು ತಲುಪಿದಿರಿ, ಆಮೇಲೆ ರೈಲು ಹೊರಟಿತು. ಹತ್ತಿದಿರೋ ಇಲ್ಲವೋ ಬೇರೆ ಮಾತು, ರೈಲು ಕಣ್ಣಿಗಂತೂ ಬಿತ್ತು. ಒಂದು ಪದದಿಂದ ಇಷ್ಟು ಅಂತರ. ಆದರೆ ‘ಬಿಫೋರ್’, ‘ಆಫ್ಟರ್’ ಇದ್ದಾಗ ಯಾವುದು ಮೊದಲು ಎಂದು ಆ ಪದಗಳೇ ಹೇಳುವುದರಿಂದ ‘ಹ್ಯಾಡ್’ ಬಿಟ್ಟರೂ ನಡೆಯುತ್ತದೆ. ಡಾಕ್ಟರ್ ಬರುವ ಮುಂಚೆಯೇ ರೋಗಿ ಸತ್ತ ಆ ಹಳೆಯ ಕ್ಲಾಸಿನ ಉದಾಹರಣೆಯನ್ನು ‘ದ ಪೇಶೆಂಟ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್’ ಎಂದು ಬರೆದರೆ ತಪ್ಪೇನಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ ‘ಹ್ಯಾಡ್ ಡೈಡ್’ ಬರೆಯಿರಿ, ಅಲ್ಲಿ ಕೇಳುವುದು ಅದನ್ನೇ.

ನಮ್ಮ ರಾಜ್ಯದ ಹೆಸರಿನ ಇತಿಹಾಸವನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡಿದರೆ ಮೂರೂ ರೂಪಗಳು ತಮ್ಮ ತಮ್ಮ ಜಾಗದಲ್ಲಿ ಕಾಣುತ್ತವೆ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು, ಹೆಸರು ಮೈಸೂರು. 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂತು. ‘ದ ಸ್ಟೇಟ್ ವಾಸ್ ರೀನೇಮ್ಡ್ ಕರ್ನಾಟಕ ಇನ್ 1973’ ಎಂದರೆ ಒಂದು ದಿನದ ಘಟನೆ, ಮುಗಿದ ಕಾಲ. ‘ಇಟ್ ಹ್ಯಾಸ್ ಬೀನ್ ಕಾಲ್ಡ್ ಕರ್ನಾಟಕ ಸಿನ್ಸ್ 1973’ ಎಂದರೆ ಇಂದಿಗೂ ಅದೇ ಹೆಸರು. ‘ಬೈ ದೆನ್ ದ ಯೂನಿಫೈಡ್ ಸ್ಟೇಟ್ ಹ್ಯಾಡ್ ಬೀನ್ ಕಾಲ್ಡ್ ಮೈಸೂರ್ ಫಾರ್ 17 ಇಯರ್ಸ್’ ಎಂದರೆ 1973ರಲ್ಲಿ ನಿಂತು ಅದರ ಹಿಂದಕ್ಕೆ ನೋಡುತ್ತಿದ್ದೇವೆ. ಮಕ್ಕಳಿಗೆ ಕಲಿಸುವಾಗ ಸತ್ತ ರೋಗಿಗಿಂತ ಈ ಉದಾಹರಣೆ ನನಗೆ ಇಷ್ಟ.

‘ಹ್ಯಾಡ್’ ಬೇಕೇಬೇಕಾದ ಇನ್ನೊಂದು ಜಾಗ ‘ಇಫ್’. ‘ಗೊತ್ತಿದ್ದಿದ್ರೆ ಬರ್ತಿದ್ದೆ’ ಎಂಬುದು ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’. ‘ಇಫ್ ಐ ವುಡ್ ಹ್ಯಾವ್ ನೋನ್’ ಬೇಡ. ‘ವುಡ್’ ವಾಕ್ಯದ ಇನ್ನೊಂದು ಅರ್ಧಕ್ಕೆ ಸೇರಿದ್ದು.

ನಾಲ್ಕನೆಯದು: ‘ವಿಲ್ ಹ್ಯಾವ್’

ಇದು ಎಲ್ಲಕ್ಕಿಂತ ಸುಲಭ. ಕನ್ನಡದ ‘ಆಗಿರುತ್ತದೆ’ ಇಲ್ಲಿ ಬಹುಮಟ್ಟಿಗೆ ನೇರವಾಗಿ ಹೊಂದುತ್ತದೆ. ‘ನೀವು ಬರುವಷ್ಟರಲ್ಲಿ ಅಡುಗೆ ಮುಗಿಸಿರುತ್ತೇನೆ’ ಎಂಬುದು ‘ಐ ವಿಲ್ ಹ್ಯಾವ್ ಫಿನಿಶ್ಡ್ ಕುಕಿಂಗ್ ಬೈ ದ ಟೈಮ್ ಯು ಕಮ್’. ಗಮನಿಸಬೇಕಾದ್ದು ಕೊನೆಯ ‘ಯು ಕಮ್’. ಅಲ್ಲಿ ‘ಯು ವಿಲ್ ಕಮ್’ ಆಗಬಾರದು. ಗಡುವು ಇದ್ದರೆ ಈ ರೂಪ, ಇಲ್ಲದಿದ್ದರೆ ಬರೀ ‘ವಿಲ್’: ‘ಬೈ ನವೆಂಬರ್ 2056 ದ ಯೂನಿಫೈಡ್ ಸ್ಟೇಟ್ ವಿಲ್ ಹ್ಯಾವ್ ಕಂಪ್ಲೀಟೆಡ್ 100 ಇಯರ್ಸ್’. ‘ಇಷ್ಟೊತ್ತಿಗೆ ಮನೆ ತಲುಪಿರ್ತಾರೆ’ ಎಂಬ ಊಹೆಯೂ ಹಾಗೇ ದಾಟುತ್ತದೆ: ‘ದೇ ವಿಲ್ ಹ್ಯಾವ್ ರೀಚ್ಡ್ ಹೋಮ್ ಬೈ ನೌ’.

ಒಂದು ಎಚ್ಚರಿಕೆ ಕಚೇರಿ ಕನ್ನಡದ ಬಗ್ಗೆ. ‘ದಿನಾಂಕ 12ರಂದು ಅರ್ಜಿ ಸಲ್ಲಿಸಿರುತ್ತೇನೆ’ ಎಂದು ಅರ್ಜಿಗಳಲ್ಲಿ ಬರೆಯುತ್ತೇವಲ್ಲ, ಅದರ ರೂಪ ಮಾತ್ರ ಭವಿಷ್ಯದ್ದು, ಅರ್ಥ ಭೂತದ್ದು. ಇಂಗ್ಲಿಷಿಗೆ ತರುವಾಗ ದಿನಾಂಕ ಇದ್ದರೆ ‘ಐ ಸಬ್ಮಿಟೆಡ್’, ಇಲ್ಲದಿದ್ದರೆ ‘ಐ ಹ್ಯಾವ್ ಸಬ್ಮಿಟೆಡ್’.

ಒಂದು ಮೇಲ್ ತಿದ್ದೋಣ

‘ಐ ಹ್ಯಾಡ್ ಅಪ್ಲೈಡ್ ಫಾರ್ ಎ ಟ್ರಾನ್ಸ್‌ಫರ್ ಲಾಸ್ಟ್ ಮಂತ್. ಐ ಹ್ಯಾವ್ ಸೆಂಟ್ ದ ಡಾಕ್ಯುಮೆಂಟ್ಸ್ ಆನ್ ಮಂಡೇ. ಸ್ಟಿಲ್ ಐ ಡಿಡ್ ನಾಟ್ ಗೆಟ್ ಎನಿ ರಿಪ್ಲೈ. ಐ ಆಮ್ ವರ್ಕಿಂಗ್ ಇನ್ ದಿಸ್ ಬ್ರಾಂಚ್ ಸಿನ್ಸ್ ಫೋರ್ ಇಯರ್ಸ್.’

ಮೊದಲ ವಾಕ್ಯದಲ್ಲಿ ‘ಲಾಸ್ಟ್ ಮಂತ್’ ಇದೆ, ಅದಕ್ಕಿಂತ ಮುಂದಿನ ಬೇರೆ ಘಟನೆಯ ಸುಳಿವಿಲ್ಲ. ‘ಹ್ಯಾಡ್’ ಹೋಗಲಿ: ‘ಐ ಅಪ್ಲೈಡ್’. ಎರಡನೆಯದರಲ್ಲಿ ಸೋಮವಾರ ಎಂದು ದಿನವನ್ನೇ ಹೇಳಿದ್ದೇವೆ: ‘ಐ ಸೆಂಟ್’. ಮೂರನೆಯದನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಇನ್ನೂ ಉತ್ತರ ಬಂದಿಲ್ಲ’ ಅನ್ನುತ್ತೀರಿ, ‘ಬರಲಿಲ್ಲ’ ಅನ್ನುವುದಿಲ್ಲ: ‘ಐ ಸ್ಟಿಲ್ ಹ್ಯಾವ್ ನಾಟ್ ರಿಸೀವ್ಡ್ ಎ ರಿಪ್ಲೈ’. ಈ ಮೇಲ್ ಬರೆದದ್ದೇ ಈ ವಾಕ್ಯಕ್ಕಾಗಿ. ‘ಡಿಡ್ ನಾಟ್’ ಅಂದರೆ ಆಸೆ ಬಿಟ್ಟು ದೂರು ಹೇಳಿದ ಹಾಗೆ, ‘ಹ್ಯಾವ್ ನಾಟ್’ ಅಂದರೆ ಉತ್ತರಕ್ಕಾಗಿ ಕಾಯುತ್ತಿದ್ದೇನೆ ಎಂದು ಮರ್ಯಾದೆಯಿಂದ ನೆನಪಿಸಿದ ಹಾಗೆ. ಕೊನೆಯದು: ‘ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ದಿಸ್ ಬ್ರಾಂಚ್ ಫಾರ್ ಫೋರ್ ಇಯರ್ಸ್’.

ರೂಪ ಆರಿಸಿದ ಮೇಲೆ ವಿ-3 ಕೈಕೊಡದಂತೆ ನೋಡಿಕೊಳ್ಳಿ. ‘ಹ್ಯಾವ್ ವೆಂಟ್’, ‘ಹ್ಯಾಸ್ ರೋಟ್’, ‘ಹ್ಯಾಡ್ ಬಿಗ್ಯಾನ್’ ಅಲ್ಲ. ಗಾನ್, ರಿಟನ್, ಬಿಗನ್. ‘ಕಮ್’ ಮತ್ತು ‘ರನ್’ ಮೂರನೆಯ ರೂಪದಲ್ಲಿ ಮತ್ತೆ ಮೊದಲಿನಂತೆಯೇ ಆಗುತ್ತವೆ.

ಅಮೆರಿಕದಲ್ಲಿರುವ ಮಗನೋ ಸೊಸೆಯೋ ‘ಡಿಡ್ ಯು ಈಟ್ ಯೆಟ್?’, ‘ಐ ಜಸ್ಟ್ ಸಾ ಹಿಮ್’, ‘ಐ ಆಲ್‌ರೆಡಿ ಟೋಲ್ಡ್ ಯು’ ಅಂದರೆ ಅವರ ಇಂಗ್ಲಿಷ್ ಕೆಟ್ಟಿದೆ ಎಂದುಕೊಳ್ಳಬೇಡಿ. ಜಸ್ಟ್, ಆಲ್‌ರೆಡಿ, ಯೆಟ್ ಜೊತೆ ಅಮೆರಿಕನ್ನರು ಸಿಂಪಲ್ ಪಾಸ್ಟನ್ನು ಧಾರಾಳವಾಗಿ ಬಳಸುತ್ತಾರೆ. ಬ್ರಿಟಿಷ್ ರೂಢಿಯಲ್ಲಿ ಅಲ್ಲಿ ‘ಹ್ಯಾವ್’ ಬರುತ್ತದೆ, ನಮ್ಮ ಶಾಲೆಗಳು ಕಲಿಸುವುದೂ ಅದನ್ನೇ. ಪರೀಕ್ಷೆಗೆ, ಕಚೇರಿ ಪತ್ರಕ್ಕೆ ಬ್ರಿಟಿಷ್ ರೂಢಿ ಹಿಡಿದರೆ ಎಲ್ಲೂ ತೊಂದರೆಯಿಲ್ಲ, ಅಮೆರಿಕದಲ್ಲೂ ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಆದರೆ ‘ಯೆಸ್ಟರ್‌ಡೇ’ ಜೊತೆ ‘ಹ್ಯಾವ್’ ಮಾತ್ರ ಎರಡೂ ಕಡೆ ತಪ್ಪೇ.